ಕಾಯಿ ಕೊನೆಗೆ ಬೀಳುವ ಉಡಿ

ಬೆಳಗಿನ ಆರೂ ಕಾಲು. ಕತ್ತಲಗೆರೆಯ ನಿಂಗರಾಜ್ ಅವರ ಮನೆಯ ಪಡಸಾಲೆಯಲ್ಲಿ ಅವರ ಮಗಳು ಅಕ್ಷಿತಾ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಅವಳ ಮುಂದೆ ಒಂದು ಮೊರ. ಮೊರದಲ್ಲಿ ಸಾಲಾಗಿ ಒಂದು ಅಚ್ಚು ಬೆಲ್ಲ, ಒಂದು ಹಿಡಿ ಅಕ್ಕಿ, ಒಂದು ಉತ್ತತ್ತಿ, ಒಂದು ಗಾಜಿನ ಬಳೆ, ಅರಿಶಿನದ ಕೊಂಬು, ಗೋಟಡಿಕೆ, ಕುಪ್ಪಸದ ಕಣ, ಬಾಚಣಿಕೆ, ಕೊನೆಯಲ್ಲೊಂದು ತೆಂಗಿನಕಾಯಿ. ಮೊರದ ಆಚೆ ಬದಿಗೆ ಪುಷ್ಪಾವತಿ ಮೇಡಂ ಕೂತಿದ್ದಾರೆ. ಚನ್ನಗಿರಿಯಿಂದ ಐದು ಇಪ್ಪತ್ತರ ಬಸ್ಸು ಹಿಡಿದು ಬಂದವರು, ಇನ್ನೂ ಹೆಗಲ ಮೇಲಿನ ಬ್ಯಾಗು ಇಳಿಸಿಲ್ಲ.

"ಶುರು ಮಾಡವ್ವ," ಅನ್ನುತ್ತಾರೆ ಮೇಡಂ.

ಅಕ್ಷಿತಾಗೆ ಹದಿನಾರು ವರ್ಷ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಲಗೈ ಮೊರದ ಅಂಚು ಹುಡುಕಿ ಬೆಲ್ಲ ಮುಟ್ಟುತ್ತದೆ. "ಬ್ಯೂಟಿಫುಲ್." ಆಮೇಲೆ ಅಕ್ಕಿ. "ಸ್ಮಾಲ್." ಆಮೇಲೆ ಕೈ ಬಳೆಯನ್ನು ದಾಟಿ, ಕಣದ ಮೇಲೆ ಹರಿದು, ಬಾಚಣಿಕೆಗೆ ಬಂದು ನಿಲ್ಲುತ್ತದೆ. ಬಾಯಿ ತೆರೆದದ್ದು ಹಾಗೇ ಉಳಿಯುತ್ತದೆ. "ಮಿಸ್, ತಪ್ಪೋತು," ಅನ್ನುತ್ತಾಳೆ.

"ಇರ್ಲಿ, ಇನ್ನೊಂದ್ಸಲ."

ಇನ್ನೊಂದು ಸಲವೂ ಅದೇ. ಮೂರನೆಯ ಸಲ ಅರಿಶಿನದ ಹತ್ತಿರ ದಾರಿ ತಪ್ಪುತ್ತದೆ. ಒಳಗೆ ಅಡುಗೆಮನೆಯಲ್ಲಿ ಯಾರೋ ಕೆಮ್ಮುತ್ತಾರೆ. ಆ ಕೆಮ್ಮಿಗೆ ಮೇಡಂ ಸೆರಗು ಸರಿ ಮಾಡಿಕೊಂಡು, ಮೊರದಿಂದ ಒಂದು ಗೇಣು ಹಿಂದಕ್ಕೆ ಸರಿದು ಕೂರುತ್ತಾರೆ. ಕೆಮ್ಮಿದವರು ಅಕ್ಷಿತಾಳ ಅಜ್ಜಿ ಸಾವಂತ್ರಮ್ಮ, ನಿಂಗರಾಜ್ ಅವರ ತಾಯಿ. ಈ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ, ಅವರ ಕೆಮ್ಮಿಗೂ ಇಲ್ಲ.

ನೀವು ಇದನ್ನು ಓದುತ್ತಿರುವ ಭಾನುವಾರದಿಂದ ಎಣಿಸಿದರೆ ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆಗೆ ಇನ್ನು ಎಂಟೇ ದಿನ. ಪಾಸಾದರೆ ಅಕ್ಷಿತಾಗೆ ದಾವಣಗೆರೆಯ ಒಂದು ಹಾಸ್ಟೆಲಿನಲ್ಲಿ ಇದ್ದುಕೊಂಡು ಕಾಲೇಜು ಓದುವ ಅವಕಾಶ ಸಿಗುತ್ತದೆ, ಸೀಟು ಮಾತಾಗಿದೆ. ಫೇಲಾದರೆ ಇದೇ ಪಡಸಾಲೆ, ಇದೇ ಚಾಪೆ. ಬೇರೆಲ್ಲ ವಿಷಯದಲ್ಲಿ ಹುಡುಗಿ ಜೋರು. ಇಂಗ್ಲಿಷ್ ಒಂದು ಮಾತ್ರ ಕಾಲಿಗೆ ತೊಡರುತ್ತಿದೆ. ಕಳೆದ ತಿಂಗಳ ಪ್ರಿಪರೇಟರಿ ಪರೀಕ್ಷೆಯಲ್ಲಿ ಎರಡೇ ಎರಡು ಅಂಕದಿಂದ ಹೋಗಿದೆ.

ಎಲ್ಲ ಮಕ್ಕಳಂತೆ ಬರೆದದ್ದನ್ನು ತಿರುಗಿ ನೋಡಿ ತಿದ್ದುವ ಭಾಗ್ಯ ಇವಳಿಗಿಲ್ಲ. ಪರೀಕ್ಷೆಯಲ್ಲಿ ಇವಳು ಬಾಯಲ್ಲಿ ಹೇಳಬೇಕು, ಪಕ್ಕದಲ್ಲಿ ಕೂತ ಒಂಬತ್ತನೇ ತರಗತಿಯ ಇನ್ನೊಂದು ಮಗು ಅದನ್ನು ಇದ್ದಂತೆ ಬರೆಯಬೇಕು. ಬಾಯಿಂದ ಹೋದ ಮಾತು ಹೋಯಿತು. ಅದಕ್ಕೇ ಹೇಳುವಾಗಲೇ ಮಾತು ಸಾಲಾಗಿ ಬರಬೇಕು. ಇವಳು ಅಂಕ ಕಳೆದುಕೊಳ್ಳುವುದು ವಸ್ತುವನ್ನು ವರ್ಣಿಸುವ ಪ್ರಶ್ನೆಗಳಲ್ಲಿ. ಇಂಗ್ಲಿಷಿನಲ್ಲಿ ಒಂದು ವಸ್ತುವಿನ ಹೆಸರಿಗೆ ಮುಂಚೆ ನಾಲ್ಕಾರು ವಿಶೇಷಣ ಸೇರಿಸುವುದಾದರೆ ಮನಸ್ಸಿಗೆ ಬಂದಂತೆ ಸೇರಿಸುವ ಹಾಗಿಲ್ಲ, ಅದಕ್ಕೊಂದು ಸರತಿ ಇದೆ. ಮೊದಲು ನಮಗೆ ಅದು ಹೇಗನ್ನಿಸಿತು ಎಂಬುದು, ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ, ಯಾವ ಊರಿನದು, ಯಾತರಲ್ಲಿ ಮಾಡಿದ್ದು, ಯಾತಕ್ಕೆ ಬಳಸುವುದು. ಇಷ್ಟೂ ಆದ ಮೇಲೆ ವಸ್ತುವಿನ ಹೆಸರು. 'ಎ ಬ್ಯೂಟಿಫುಲ್ ಸ್ಮಾಲ್ ಬ್ಲ್ಯಾಕ್ ವುಡನ್ ಬಾಕ್ಸ್' ಅಂದರೆ ಸರಿ. 'ವುಡನ್ ಬ್ಲ್ಯಾಕ್ ಸ್ಮಾಲ್ ಬ್ಯೂಟಿಫುಲ್ ಬಾಕ್ಸ್' ಅಂದರೆ ಕೇಳಿದವರು ಹುಬ್ಬು ಗಂಟಿಕ್ಕುತ್ತಾರೆ. ಎಂ.ಎ. ಮಾಡಿ ಇಪ್ಪತ್ತೆರಡು ವರ್ಷ ಪತ್ರಿಕೆಯಲ್ಲಿ ದುಡಿದ ನನಗೆ ಈ ಸರತಿ ಇದೆ ಅಂತಲೇ ಗೊತ್ತಿರಲಿಲ್ಲ. ಮೇಡಂ ಮುಂದೆ ಗೊತ್ತಿದ್ದವಳಂತೆ ತಲೆ ಆಡಿಸಿದೆ.

ಮೊರದಲ್ಲಿರುವ ಒಂಬತ್ತು ಸಾಮಾನು ಈ ಸರತಿಯ ಒಂಬತ್ತು ಮೆಟ್ಟಿಲು. ಬೆಲ್ಲ ರುಚಿ, ಅಂದರೆ ನಮಗನ್ನಿಸಿದ್ದು. ಹಿಡಿಯಲ್ಲಿ ಅಳೆದ ಅಕ್ಕಿ ಗಾತ್ರ. ಒಣಗಿ ಸುಕ್ಕಾದ ಉತ್ತತ್ತಿ ವಯಸ್ಸು. ಬಳೆ ಆಕಾರ, ಅರಿಶಿನ ಬಣ್ಣ. ಅಡಿಕೆ ಊರು, ಏಕೆಂದರೆ ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕಂಡವರು ಮೊದಲು ಕೇಳುವುದೇ ಯಾವ ಊರಿನದು ಅಂತ. ಕಣ ಬಟ್ಟೆ, ಅಂದರೆ ಯಾತರಲ್ಲಿ ಮಾಡಿದ್ದು. ಬಾಚಣಿಕೆ ಬಳಕೆ. ಕಾಯಿಯೇ ಹೆಸರು. ಓದುತ್ತಿರುವ ಹೆಣ್ಣುಮಕ್ಕಳಿಗೆ ಈಗಾಗಲೇ ಗೊತ್ತಾಗಿರುತ್ತದೆ, ಇವೆಲ್ಲ ಉಡಿ ತುಂಬುವ ಸಾಮಾನು. ಇವು ಇರಬೇಕಾದದ್ದು ಮೊರದಲ್ಲಲ್ಲ, ಅಕ್ಷಿತಾಳ ಉಡಿಯಲ್ಲಿ. ಐದು ತಿಂಗಳು ಅಲ್ಲೇ ಇದ್ದವು. ಮೊರಕ್ಕೆ ಹೇಗೆ ಬಂದವು ಅನ್ನುವುದನ್ನು ಹೇಳಬೇಕಾದರೆ ಮೇಡಂ ಕಥೆ ಹೇಳಬೇಕು.

ಪುಷ್ಪಾವತಿ ಹುಟ್ಟಿದ್ದು ಜಗಳೂರಿನ ಹತ್ತಿರ. ತಂದೆ ಸಣ್ಣತಿಮ್ಮಪ್ಪ ಗಾರೆ ಕೆಲಸದವರು. ನಡೆಯಲಾಗದ ತಮ್ಮನೊಬ್ಬನಿದ್ದ. ಅವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಇವರು ಏಳನೇ ತರಗತಿಯವರೆಗೆ ಶಾಲೆಗೆ ಹೋದರು. "ಅವನು ಹಿಂದೆ ಕೂತು ನನ್ನ ಕಿವ್ಯಾಗೆ ಮಗ್ಗಿ ಹೇಳೋನು. ಹಂಗಾಗಿ ನಂಗೆ ಮಗ್ಗಿ ಬಂತು. ಇಂಗ್ಲಿಷ್ ಅವನಿಗೂ ಬರ್ತಿರ್ಲಿಲ್ಲ, ಹಂಗಾಗಿ ನಂಗೂ ಬರ್ಲಿಲ್ಲ," ಎಂದು ನಗುತ್ತಾರೆ. ಪಿಯುಸಿಯಲ್ಲಿ ಇಂಗ್ಲಿಷ್ ಎರಡು ಸಲ ಹೋಗಿ ಮೂರನೆಯ ಸಲಕ್ಕೆ ಕೈಗೆ ಬಂತು. ಹೊನ್ನಾಳಿಗೆ ಮದುವೆ ಮಾಡಿ ಕೊಟ್ಟರು. ಗಂಡ ಖಾಸಗಿ ಬಸ್ಸಿನ ಕಂಡಕ್ಟರ್. ಮದುವೆಯಾದ ನಾಲ್ಕನೆಯ ವರ್ಷ ಕಾಮಾಲೆಯಲ್ಲಿ ಹೋಗಿಬಿಟ್ಟರು. ಆಗ ಪುಷ್ಪಾವತಿಗೆ ಇಪ್ಪತ್ತಾರು.

ಅದೇ ವರ್ಷ ನಾದಿನಿಯ ಕುಬಸ, ಅಂದರೆ ಸೀಮಂತ. ಅಭ್ಯಾಸಬಲದಿಂದ ಉಡಿಯ ತಟ್ಟೆ ಎತ್ತಿಕೊಂಡು ಹೊರಟಿದ್ದಾರೆ. ಯಾರೋ ಒಬ್ಬರು ಬಂದು ಮಾತಾಡದೆ ತಟ್ಟೆ ಇಸಿದುಕೊಂಡರು. "ಬೈಲಿಲ್ಲ ರೀ. ಬೈದಿದ್ರೆ ಮರ್ತುಬಿಡ್ತಿದ್ದೆ," ಅನ್ನುತ್ತಾರೆ. ಆಮೇಲೆ ನ್ಯಾಮತಿಯಲ್ಲಿ ಒಂದು ಸಣ್ಣ ಸಂಸ್ಥೆಯವರು, ಶಾಲೆಗೆ ದಿನಾ ಹೋಗಲಾಗದ ಮಕ್ಕಳಿಗೆ ಮನೆಗೇ ಹೋಗಿ ಪಾಠ ಹೇಳಲು ಜನ ಬೇಕು ಅಂದಾಗ ಹೋಗಿ ಸೇರಿದರು. ಎರಡು ವರ್ಷ ನ್ಯಾಮತಿ, ಆಮೇಲೆ ಚನ್ನಗಿರಿ. ಒಟ್ಟು ಹದಿನಾಲ್ಕು ವರ್ಷ.

ಅವರ ಒಂದು ದಿನ ಹೀಗಿದೆ. ನಾಲ್ಕಕ್ಕೆ ಏಳುತ್ತಾರೆ. ಐದು ಇಪ್ಪತ್ತರ ಬಸ್ಸು. ಕತ್ತಲಗೆರೆಯಲ್ಲಿ ಒಂದೂವರೆ ತಾಸು, ಅಲ್ಲಿಂದ ನಲ್ಲೂರಿನ ಕಡೆ ಎರಡು ಮನೆ, ಮಧ್ಯಾಹ್ನ ಚನ್ನಗಿರಿಯಲ್ಲಿ ಇನ್ನೆರಡು. ಒಟ್ಟು ಐದು ಮನೆ, ಐದು ಮಕ್ಕಳು. ಬಸ್ಸು ತಪ್ಪಿದರೆ ಯಾರದಾದರೂ ಲಗೇಜ್ ಆಟೊ, ಅದೂ ಸಿಗದಿದ್ದರೆ ಕಾಲು. ಬ್ಯಾಗಿನಲ್ಲಿ ಮಕ್ಕಳ ಬ್ರೈಲ್ ಹಾಳೆ, ಒಂದು ಪುಟ್ಟ ರೆಕಾರ್ಡರ್, ಬಿಸ್ಕತ್ತು, ಕಾಲುನೋವಿಗೆ ಮುಲಾಮು. ಇದುವರೆಗೆ ಇವರ ಕೈಯಲ್ಲಿ ಕಲಿತ ಮಕ್ಕಳು ಮೂವತ್ತೊಂದು. ಅದರಲ್ಲಿ ಹತ್ತನೇ ಪರೀಕ್ಷೆವರೆಗೆ ಬಂದವರು ಮೂರು ಜನ. ಮೂವರೂ ಇಂಗ್ಲಿಷಿನಲ್ಲೇ ಹೋದರು.

"ಮೂರೂ ಮಕ್ಳು ಮನ್ಯಾಗೇ ಅದಾವೆ ರೀ. ನಾನು ಆ ಬೀದ್ಯಾಗೆ ಹೋಗಾಕೆ ಆಗಲ್ಲ, ಸುತ್ತಿ ಬಳಸಿ ಹೋಗ್ತೀನಿ," ಎಂದು ಹೇಳಿ ಮೇಡಂ ಬೇರೆ ಕಡೆ ನೋಡುತ್ತಾರೆ. ನಾಲ್ಕನೆಯವಳು ಅಕ್ಷಿತಾ. ಇವಳ ಪರೀಕ್ಷೆ ಅಂದರೆ ಮೇಡಂಗೆ ರಾತ್ರಿ ನಿದ್ದೆ ಇಲ್ಲ, ಹಗಲು ಹಸಿವಿಲ್ಲ. ಮಾತಿನ ಮಧ್ಯೆ ಎಡಗೈ ಬೆರಳಲ್ಲಿ ದಿನ ಎಣಿಸುತ್ತಲೇ ಇರುತ್ತಾರೆ, ಅದು ಅವರಿಗೇ ಗೊತ್ತಿಲ್ಲ.

ಉಡಿಯ ಉಪಾಯ ಹೊಳೆದದ್ದು ಹೋದ ಶ್ರಾವಣದಲ್ಲಿ. ಸರತಿಯನ್ನು ಉರುಹೊಡೆಸಿ ಉರುಹೊಡೆಸಿ ಸಾಕಾಗಿತ್ತು. ನಾಲ್ಕನೆಯ ಪದಕ್ಕೆ ಬರುವಷ್ಟರಲ್ಲಿ ಅಕ್ಷಿತಾಗೆ ಮೊದಲನೆಯದು ಮರೆತುಹೋಗುತ್ತಿತ್ತು. ವಸ್ತು ಯಾವುದು ಅಂತ ಕೊನೆಯವರೆಗೆ ಹೇಳುವುದೇ ಇಲ್ಲವಲ್ಲ, ಅಲ್ಲಿತನಕ ಅಷ್ಟನ್ನೂ ಗಾಳಿಯಲ್ಲಿ ಹಿಡಿದು ಕೂರುವುದು ಹೇಗೆ? ಆ ದಿನ ಹುಡುಗಿ ಬೇಸತ್ತು, "ಹಿಂಗೆ ಬಾಯಾಗೆ ಹೇಳಿದ್ರೆ ನಿಲ್ಲಂಗಿಲ್ಲ ಮಿಸ್. ನನ್ನ ಆರತಿ ದಿನ ಉಡ್ಯಾಗೆ ಏನೇನು ಬಿತ್ತು ಅಂತ ಕೇಳ್ರಿ, ಈಗ್ಲೂ ಹೇಳ್ತೀನಿ," ಅಂದಳಂತೆ. ಅವಳು ದೊಡ್ಡವಳಾದಾಗ ಮಾಡಿದ ಆರತಿಗೆ ಆಗಲೇ ಎರಡು ವರ್ಷ ತುಂಬಿತ್ತು.

ಹೇಳಿಯೇಬಿಟ್ಟಳು. ಮೊದಲು ಏನು ಬಿತ್ತು, ಆಮೇಲೆ ಏನು, ಯಾವುದು ತಣ್ಣಗಿತ್ತು, ಯಾವುದು ಭಾರ. ಯಾರ ಕೈ ಅನ್ನುವುದನ್ನೂ ಹೇಳಿದಳು. ಐದು ಜನ ಮುತ್ತೈದೆಯರು ತುಂಬಿದ್ದರು. ಬಳೆ ಸದ್ದಿನಲ್ಲಿ, ಬೆರಳ ಒರಟಿನಲ್ಲಿ ಐವರನ್ನೂ ಗುರುತು ಹಿಡಿದಿದ್ದಳು. "ಎಲ್ರ ಕೈನೂ ಬಂತು ಮಿಸ್. ಅಜ್ಜಿ ಕೈ ಮಾತ್ರ ಬರ್ಲಿಲ್ಲ," ಅಂದಿದ್ದಳು. ಸಾವಂತ್ರಮ್ಮನವರ ಯಜಮಾನರು ತೀರಿಕೊಂಡು ಇಪ್ಪತ್ತು ವರ್ಷ. ಮೊಮ್ಮಗಳ ಆರತಿಯ ದಿನ ಅವರು ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ.

ಮಾರನೆಯ ದಿನದಿಂದ ಮೇಡಂ ಬ್ಯಾಗಿನಲ್ಲಿ ಬೆಲ್ಲ, ಬಳೆ ಎಲ್ಲ ತರತೊಡಗಿದರು. ಅಕ್ಷಿತಾ ದುಪಟ್ಟಾ ಮಡಿಚಿ ಉಡಿ ಒಡ್ಡುವಳು. ಒಂದೊಂದೇ ಬೀಳುವುದು, ಅವಳು ಒಂದೊಂದೇ ಪದ ಹೇಳುವಳು. "ಹೆಂಗೆ ಅಂದ್ರೆ ರೀ," ಎಂದು ಮೇಡಂ ವಿವರಿಸುತ್ತಾರೆ, "ಇಂಗ್ಲಿಷ್ ದೇಶದೋರಿಗೆ ಈ ಸರತಿ ಯಾರೂ ಕಲ್ಸಂಗಿಲ್ಲವಂತೆ. ಹಂಗೇ ಬರ್ತೈತೆ. ನಮ್ಗೆ ಉಡಿ ತುಂಬಾದು ಯಾರು ಕಲ್ಸಿದ್ರು ಹೇಳ್ರಿ? ಯಾರೂ ಇಲ್ಲ. ಆದ್ರೂ ಒಬ್ಬಾಕೆ ಹಿಂದೆಮುಂದೆ ಮಾಡಿದ್ರೆ ಹತ್ತು ಜನ ಹಿಡ್ಕಂತಾರೆ." ಬಣ್ಣ ಒಂದು ತೊಡಕಾಗಿತ್ತು. ಹಳದಿ ಅಂದರೆ ಏನು ಅಂತ ಕಾಣದ ಮಗುವಿಗೆ ಹೇಗೆ ಹೇಳುವುದು? ಅರಿಶಿನದ ಕೊಂಬು ಮೂಸಿಸಿದರು. ನಾನು ಕೇಳಿದಾಗ ಅಕ್ಷಿತಾ ಸಮಾಧಾನವಾಗಿ ಹೇಳಿದಳು: "ಬಣ್ಣ ಅಂದ್ರೆ ನಂಗೆ ಐದನೇದು ಮೇಡಂ. ಬಳೆ ಆದ್ಮೇಲೆ, ಅಡಿಕೆಗಿಂತ ಮೊದ್ಲು. ಅಷ್ಟು ಗೊತ್ತಾದ್ರೆ ಸಾಕಲ್ಲ?"

ಶುರುವಿನಲ್ಲಿ ಸಾವಂತ್ರಮ್ಮನವರ ತಕರಾರು ಒಂದೇ ಇತ್ತು. ಕಾಯಿ ಅಕ್ಕಿಯ ಜೊತೆ ಮೊದಲೇ ಬೀಳಬೇಕು, ಕೊನೆಗೆ ಬೀಳುವ ಉಡಿ ಎಲ್ಲಿಯದು? "ಅಜ್ಜಿ, ಇದು ಇಂಗ್ಲಿಷ್ನೋರ ಉಡಿ, ಅವರ ಮನ್ಯಾಗೆ ಕಾಯಿ ಕೊನೀಗೆ," ಎಂದು ಮೇಡಂ ಸಮಾಧಾನ ಹೇಳಿದ್ದರು. ಐದು ತಿಂಗಳು ಪಾಠ ಸುಸೂತ್ರವಾಗಿ ನಡೆಯಿತು. ಎಂಟು ಪದದ ಸಾಲನ್ನು ಹುಡುಗಿ ಒಂದೇ ಉಸಿರಿಗೆ ಹೇಳುವಷ್ಟು ಪಳಗಿದಳು.

ಜನವರಿಯ ಕೊನೆಗೆ ಹೊನ್ನಾಳಿ ಕಡೆಯ ನೆಂಟರೊಬ್ಬರು ಬಂದರು. ಪಡಸಾಲೆಯಲ್ಲಿ ಕೂತ ಮೇಡಂ ಮುಖ ನೋಡಿ, "ಇವ್ರು ಆ ತೀರ್ಕೊಂಡ ಕಂಡಕ್ಟರ್ ಹೆಂಡ್ತಿ ಅಲ್ಲೇನು?" ಅಂದರು. ಪುಷ್ಪಾವತಿ ಬೊಟ್ಟು ಇಡುತ್ತಾರೆ, ಬಳೆ ತೊಡುತ್ತಾರೆ. ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

"ಮುಚ್ಚಿಡಾಕೆ ಅಂತ ಅಲ್ರೀ," ಎಂದು ಅವರು ಈಗಲೂ ತಡವರಿಸುತ್ತಾರೆ. "ಪಾಠದಾಗೆ ಕೂತ್ರೆ ನಂಗೆ ನೆನಪೇ ಇರಲ್ಲ. ಹೊನ್ನಾಳ್ಯಾಗೆ ತಟ್ಟೆ ಕಿತ್ಕೊಂಡಿದ್ದು ನೆನಪೈತೆ. ಆದ್ರೆ ಇದೂ ಅದೇ ಉಡಿ ಅಂತ ತಲೆಗೆ ಹೋಗ್ಲಿಲ್ಲ. ತಪ್ಪು ನಂದೇ."

ಸಾವಂತ್ರಮ್ಮನವರಿಗೆ ಬೆಂಕಿ ಬಿದ್ದಂತಾಯಿತು. ಅವರ ಸಿಟ್ಟನ್ನು ನಾನು ಹಗುರಾಗಿ ಬರೆಯಲಾರೆ. ಅವರು ನನ್ನೆದುರೇ ಹೇಳಿದರು: "ನಾನು ಸ್ವಂತ ಅಜ್ಜಿ. ಆರತಿ ದಿನ ಒಲೆ ಮುಂದೆ ಕೂತು ಕಣ್ಣೀರು ಹಾಕ್ದೆ, ಹೊರಗೆ ಬರ್ಲಿಲ್ಲ. ಮೊದ್ಲೇ ಕಣ್ಣಿಲ್ದ ಕೂಸು, ನನ್ನ ಕೈಯಿಂದ ಇನ್ನೊಂದು ಕೇಡಾಗದು ಬ್ಯಾಡ ಅಂತ. ನಾನೇ ಮುಟ್ಟದ ಉಡೀನ ಈಕೆ ಐದು ತಿಂಗ್ಳು ದಿನಾ ತುಂಬಿದ್ಲು ಅಂದ್ರೆ ನಂಗೆ ಹೆಂಗಾಗಬೇಕು?" ನೆಂಟರು ಬಂದ ದಿನ ಸಂಜೆಯೇ ನಿಂಗರಾಜ್ ಮೇಡಂಗೆ ಫೋನ್ ಮಾಡಿ, ನಾಳೆಯಿಂದ ಬರುವುದು ಬೇಡ ಅಂದರು. ಹೇಳುವಾಗ ಅವರ ದನಿ ಅಳುತ್ತಿತ್ತು ಎನ್ನುತ್ತಾರೆ ಮೇಡಂ.

ಹತ್ತೊಂಬತ್ತು ದಿನ ಪಾಠ ನಿಂತಿತು. ಆ ಹತ್ತೊಂಬತ್ತು ದಿನದ ನಡುವೆಯೇ ಪ್ರಿಪರೇಟರಿ ಪರೀಕ್ಷೆ ಬಂದು ಹೋಯಿತು. ಮೇಡಂ ದಿನಾ ಅದೇ ಐದು ಇಪ್ಪತ್ತರ ಬಸ್ಸಿಗೆ ಕತ್ತಲಗೆರೆಗೆ ಬಂದು, ಸ್ಟಾಪಿನ ಕಟ್ಟೆಯ ಮೇಲೆ ಒಂದೂವರೆ ತಾಸು ಕೂತು, ನಲ್ಲೂರಿಗೆ ಹೋಗುತ್ತಿದ್ದರು. ಯಾಕೆ ಅಂತ ಕೇಳಿದೆ. "ಕರೀತಾರೇನೋ ಅಂತ," ಅಂದರು. ಎರಡು ಅಂಕದಿಂದ ಹೋದ ಸುದ್ದಿ ಬಂದ ದಿನ ನಿಂಗರಾಜ್ ತಾಯಿಯ ಕಾಲು ಹಿಡಿದರಂತೆ. ಸಾವಂತ್ರಮ್ಮ ಒಪ್ಪಿದರು, ಆದರೆ ಒಂದು ಕರಾರು ಹಾಕಿದರು. ಟೀಚರಮ್ಮ ಬರಲಿ, ಹೇಳಿಕೊಡಲಿ, ಕೂಸಿನ ಉಡಿ ಮುಟ್ಟುವ ಹಾಗಿಲ್ಲ. ಹಾಗೆ ಬಂದದ್ದು ಈ ಮೊರ.

ಆದರೆ ಮೊರದಲ್ಲಿ ಸಾಮಾನು ಸುಮ್ಮನೆ ಬಿದ್ದಿರುತ್ತವೆ. ಒಂದಾದ ಮೇಲೆ ಒಂದು ಬರುವುದಿಲ್ಲ, ಮೈಮೇಲೆ ಭಾರ ಕೂರುವುದಿಲ್ಲ. ಅಕ್ಷಿತಾ ಹುಡುಕಬೇಕು, ಹುಡುಕುವುದರಲ್ಲಿ ಮರೆಯುತ್ತಾಳೆ. ಹತ್ತು ದಿನದಿಂದ ಇದೇ ಹಾಡು. ಈ ಬೆಳಗ್ಗೆ ನನ್ನ ಕಣ್ಣೆದುರಿಗೇ ಏಳನೆಯ ಸಲ ತಪ್ಪಿ, ಅವಳು ಮೊರವನ್ನು ಮೆಲ್ಲಗೆ ಆಚೆ ದೂಡುತ್ತಾಳೆ. "ಆಗಂಗಿಲ್ಲ ಬಿಡ್ರಿ ಮಿಸ್," ಅನ್ನುತ್ತಾಳೆ. ಮೇಡಂ ಮುಖ ಬಿಳಿಚಿಕೊಳ್ಳುತ್ತದೆ. ನಾನು ಇಲ್ಲದ ನೆಪ ಮಾಡಿ ನೋಟ್‌ಬುಕ್ಕಿನ ಹಾಳೆ ತಿರುವುತ್ತೇನೆ.

ಸಾವಂತ್ರಮ್ಮ ಚಾ ಹಿಡಿದುಕೊಂಡು ಹೊರಗೆ ಬರುತ್ತಾರೆ. ನನ್ನ ಕೈಗೆ ಲೋಟ ಕೊಡುವಾಗ ಅವರ ಕಣ್ಣು ನನ್ನ ಕೊರಳಿನ ಮೇಲೆ ನಿಲ್ಲುತ್ತದೆ.

"ನಿಮ್ಮ ಯಜಮಾನ್ರು ಅದಾರೇನಮ್ಮ?"

"ಇದ್ದಾರೆ ಅಜ್ಜಿ."

"ಹಂಗಾದ್ರೆ ನೀವು ತುಂಬ್ರಿ. ನೋಡಾನ."

ಸುದ್ದಿ ಬರೆಯಲು ಬಂದವಳು ಸುದ್ದಿಯೊಳಗೆ ಬೀಳಬಾರದು ಅಂತ ನಮ್ಮ ಕಸುಬಿನ ಪಾಠ. ಬಿದ್ದೆ. ಲೋಟ ಕೆಳಗಿಟ್ಟು, ಮೇಡಂ ಎದ್ದು ಬಿಟ್ಟುಕೊಟ್ಟ ಜಾಗದಲ್ಲಿ ಮೊರದ ಮುಂದೆ ಕೂತೆ. ಅಕ್ಷಿತಾ ದುಪಟ್ಟಾ ಮಡಿಚಿ ಉಡಿ ಒಡ್ಡುತ್ತಾಳೆ. ಆ ಹುಡುಗಿಯ ಮುಖದಲ್ಲಿ ಆಸೆ ಕಾಣುತ್ತದೆ. ನಲವತ್ತೇಳು ವರ್ಷದಲ್ಲಿ ಎಷ್ಟು ಜನಕ್ಕೆ ಉಡಿ ತುಂಬಿಲ್ಲ ನಾನು? ಅರ್ಧ ಗಂಟೆಯ ಹಿಂದೆ ಬರೆದುಕೊಂಡ ಸರತಿಯೆಲ್ಲ ಮರೆತುಹೋಗಿ, ಕೈ ತನ್ನ ಪಾಡಿಗೆ ತಾನು ನಮ್ಮಮ್ಮನ ಮನೆಯ ಹಾದಿ ಹಿಡಿಯುತ್ತದೆ. ಅಕ್ಕಿ ಹಾಕಿ, ಅದರ ಮೇಲೆ ಕಾಯಿ ಇಟ್ಟುಬಿಡುತ್ತೇನೆ.

ಅಕ್ಷಿತಾ ಕಕ್ಕಾಬಿಕ್ಕಿ. "ಇದು ಯಾರ ಉಡಿ?" ಎಂದು ಕೇಳುತ್ತಾಳೆ.

"ಅಯ್ಯ, ಕಾಯಿ ತೆಗೀರಮ್ಮ!" ಎಂದು ಬಾಗಿಲಲ್ಲಿ ನಿಂತ ಸಾವಂತ್ರಮ್ಮ ಗದರುತ್ತಾರೆ. "ಇಂಗ್ಲಿಷ್ನಾಗೆ ಕಾಯಿ ಕೊನೀಗೆ. ಬೆಲ್ಲ ಮೊದ್ಲು. ಆಮ್ಯಾಲೆ ಅಕ್ಕಿ, ಉತ್ತತ್ತಿ, ಬಳೆ, ಅರಿಶಿನ. ಅರಿಶಿನ ಆದ್ಮ್ಯಾಲೆ ಅಡಿಕೆ, ಕಣ, ಬಾಚಣಿಕೆ. ಐದು ತಿಂಗ್ಳು ಒಲೆ ಮುಂದೆ ಕೂತು ಕೇಳೀನಿ, ಹೆಬ್ಬೆಟ್ಟಿನಾಕಿ ನಂಗೆ ಬರ್ತೈತೆ. ಪೇಪರ್ನೋರಿಗೆ ಬರಾಂಗಿಲ್ಲ."

ಹೇಳಿದ ಮೇಲೆ ತಾನೇನು ಹೇಳಿದೆ ಅನ್ನುವುದು ಅವರಿಗೆ ಹೊಳೆಯುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಾರೆ. ಗೋಡೆಗೆ ಒರಗಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ ಪುಷ್ಪಾವತಿ ಮೇಡಂ ಬಹಳ ಸಣ್ಣ ದನಿಯಲ್ಲಿ ಅನ್ನುತ್ತಾರೆ: "ಅಜ್ಜಿ, ನೀವೇ ತುಂಬ್ರಿ."

"ನಾನಾ?"

"ನಿಮ್ಗೆ ಬರ್ತೈತಲ್ಲ."

"ಬರೋದು ಬ್ಯಾರೆ ಟೀಚರಮ್ಮ. ನಾನು ಹಾಕಿ, ಕೂಸಿಗೆ ಏನಾರ ಆದ್ರೆ?" ಸಾವಂತ್ರಮ್ಮನವರ ದನಿಯಲ್ಲಿ ಈಗ ಸಿಟ್ಟಿಲ್ಲ. ಬರೀ ಹೆದರಿಕೆ. ಎಪ್ಪತ್ತು ದಾಟಿದ ಆ ಜೀವ ನಿಜಕ್ಕೂ ಹೆದರಿದೆ.

ಅಕ್ಷಿತಾ ತಲೆ ಎತ್ತುತ್ತಾಳೆ. "ಏನಾಗ್ತೈತೆ ಅಜ್ಜಿ? ಕಣ್ಣು ಹೋಗ್ತಾವಾ?" ಎಂದು ಕೇಳಿ ನಕ್ಕುಬಿಡುತ್ತಾಳೆ.

ಆ ನಗುವಿನಲ್ಲಿ ಕುಹಕ ಇಲ್ಲ, ಹುಡುಗಿಗೆ ನಿಜವಾಗಿ ತಮಾಷೆ ಅನ್ನಿಸಿದೆ. ಸಾವಂತ್ರಮ್ಮ ಮಾತ್ರ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಕುಸಿದು ಕೂರುತ್ತಾರೆ. ಹೊರಗೆ ನಿಂಗರಾಜ್ ತಮ್ಮ ಬಾಡಿಗೆಯ ಲಗೇಜ್ ಆಟೊ ಸ್ಟಾರ್ಟ್ ಮಾಡಲು ಹೋಗಿ ಬಿಟ್ಟು, ಕಿಟಕಿಯಲ್ಲಿ ಇಣುಕಿ ನೋಡುತ್ತಾರೆ. ಕೊನೆಗೆ ಸಾವಂತ್ರಮ್ಮ ಮೂಗು ಒರೆಸಿಕೊಂಡು, ಪುಷ್ಪಾವತಿಯವರ ಮುಖ ನೋಡದೆ ಹೇಳುತ್ತಾರೆ: "ಎಂಟು ನೀನು ಹಾಕು. ನಿನ್ನ ಕೈಗೆ ಅಭ್ಯಾಸ ಐತೆ. ಕೊನೀದು ನಾನು ಹಾಕ್ತೀನಿ."

ನಾನು ಎದ್ದು ಜಾಗ ಬಿಡುತ್ತೇನೆ. ಮೇಡಂ ಕೂರುವ ಮೊದಲು ಕೈ ಎರಡನ್ನೂ ಸೀರೆಗೆ ಒರೆಸಿಕೊಳ್ಳುತ್ತಾರೆ. ಬೆಲ್ಲ ಉಡಿಗೆ ಬೀಳುತ್ತದೆ. "ಎ ಲವ್ಲಿ," ಅನ್ನುತ್ತಾಳೆ ಅಕ್ಷಿತಾ. ಅಕ್ಕಿ. "ಲಿಟಲ್." ಉತ್ತತ್ತಿ. "ಓಲ್ಡ್." ಬಳೆ. "ರೌಂಡ್." ಅರಿಶಿನದ ಕೊಂಬು ಬಿದ್ದಾಗ ಒಂದು ಕ್ಷಣ ತಡೆಯುತ್ತಾಳೆ. "ಯೆಲ್ಲೋ." ಅಡಿಕೆ. "ಇಂಡಿಯನ್." ಕಣ. "ಕಾಟನ್." ಬಾಚಣಿಕೆ. "ಸ್ಲೀಪಿಂಗ್."

ಇನ್ನು ಹೆಸರು. ಸಾವಂತ್ರಮ್ಮ ಎದ್ದು ಬರುತ್ತಾರೆ. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಮೇಲಿಂದ ಬಿಡದೆ, ಮೊಮ್ಮಗಳ ಉಡಿಯೊಳಗೆ ಇಳಿಸುತ್ತಾರೆ. ಅಕ್ಷಿತಾ 'ಮ್ಯಾಟ್' ಅನ್ನಬೇಕು. ಅನ್ನುವುದಿಲ್ಲ. ಕಾಯಿಯ ಮೇಲಿದ್ದ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಾಳೆ.

"ಅಜ್ಜಿ ಕೈ," ಅನ್ನುತ್ತಾಳೆ. "ಬಂತು."

ಆಮೇಲೆ, ಮೇಡಂ ಮೆಲ್ಲಗೆ ನೆನಪಿಸಿದಾಗ, "ಮ್ಯಾಟ್," ಅನ್ನುತ್ತಾಳೆ. ಸಾವಂತ್ರಮ್ಮ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಮಾಡ್ರಿ, ತಡವರಿಸಿದ್ಲು," ಅನ್ನುತ್ತಾರೆ. ಅಂದು ಹನ್ನೊಂದು ಸಲ ಉಡಿ ತುಂಬಿತು. ಎಂಟು ಸಲ ಸರಿ ಬಂತು, ಮೂರು ಸಲ ತಪ್ಪಿತು.

ನಲ್ಲೂರಿನ ಬಸ್ಸು ಅಷ್ಟರಲ್ಲಿ ಹೋಗಿಯಾಗಿತ್ತು. ನಿಂಗರಾಜ್ ತಮ್ಮ ಲಗೇಜ್ ಆಟೊದಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೊರಟರು. ಮೇಡಂ ಮುಖದಲ್ಲಿ ಗೆದ್ದ ಸಂತೋಷ ಹುಡುಕಿದೆ, ಕಾಣಲಿಲ್ಲ. ಎಡಗೈ ಬೆರಳು ಮತ್ತೆ ದಿನ ಎಣಿಸುತ್ತಿದ್ದವು. ಇನ್ನೂ ಯಾಕೆ ಚಿಂತೆ ಅಂತ ಕೇಳಿದೆ. "ಹನ್ನೊಂದರಾಗೆ ಮೂರು ತಪ್ಪೈತೆ ರೀ. ಪರೀಕ್ಷೆ ದಿನ ಆ ಮೂರರಾಗಿನ ಒಂದು ಬಂದ್ರೆ? ಹಾಲ್‌ನಾಗೆ ಬೆಲ್ಲ, ಬಳೆ ಕೊಡಂಗಿಲ್ಲ. ಉಡಿ ಖಾಲಿ ಇರ್ತೈತೆ. ಖಾಲಿ ಉಡ್ಯಾಗೆ ನೆನಪು ಮಾಡ್ಕಬೇಕು ಕೂಸು."

ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹೊರಗೆ ನಿಲ್ಲಲು ಬಿಟ್ಟರೆ ಸಾಕು, ಅದೊಂದೇ ಅವರ ಆಸೆ. ಒಳಗೆ ಕೂತ ಮಗುವಿಗೆ ಮಿಸ್ ಹೊರಗಿದ್ದಾರೆ ಅಂತ ಗೊತ್ತಿದ್ದರೆ ಧೈರ್ಯ. ಸಾವಂತ್ರಮ್ಮನೂ ಬರುತ್ತೇನೆ ಅಂದಿದ್ದಾರಂತೆ. ನಲ್ಲೂರಿನಲ್ಲಿ ಇಳಿಯುವಾಗ ಮೇಡಂ ಬ್ಯಾಗು ಹೆಗಲಿಗೇರಿಸಿ, ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ಇಡೀ ಬೆಳಗ್ಗೆ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದ ಅವರು, ಕೇಳದೆಯೇ ಹೇಳಿದ ಮಾತು ಇದೊಂದೇ.

"ಪಾಸು ಫೇಲು ನನ್ನ ಕೈಯಾಗೆ ಇಲ್ಲ ರೀ. ಆದ್ರೆ ಇವತ್ತು ಹನ್ನೊಂದು ಸಲ ಆ ಕೂಸಿನ ಉಡಿ ತುಂಬಿದೆ. ಯಾರೂ ತಟ್ಟೆ ಇಸ್ಕೊಳ್ಲಿಲ್ಲ. ಅದನ್ನ ಬರ್ಕೊಳ್ರಿ."